ದಳಪತಿಯ ಎಡಗಣ್ಣು

ಮಹದೇವುವಿನ ಸಿಪಾಯಿಗಳ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ಬೀದಿ ನಲ್ಲಿಯ ಹತ್ತಿರ, ಒಂದು ಸೋಮವಾರ ಬೆಳಿಗ್ಗೆ. ಚಿಕ್ಕಬೋರಮ್ಮ ಬಿಂದಿಗೆ ಇಡುತ್ತಲೇ ನಕ್ಕಳು.

"ನಿನ್ ಪಕ್ಕದ್ ಮನೆ ಮಾದೇವು ಬೊಂಬೆ ಇಟ್ಕೊಂಡು ಆಡ್ತಾ ಕೂತವ್ನಂತೆ ಕಣಮ್ಮಿ. ಬಿದ್ದಾಗ ತಲೆಗೂ ಏಟಾಗಿರ್ಬೇಕು."

ನನಗೆ ಸಿಟ್ಟು ಬಂತು. ಮಳವಳ್ಳಿಯ ಎಷ್ಟೋ ಅಂಗಡಿಗಳ ಬೋರ್ಡು ಅವನ ಕೈಯವು. ಮಾರಮ್ಮನ ವಿಗ್ರಹಕ್ಕೆ ಬಣ್ಣ ಬೇಕೆಂದರೆ ಪೂರಿಗಾಲಿಯವರೂ ಅವನನ್ನೇ ಕರೆಯುತ್ತಿದ್ದರು. ಹೋದ ವರ್ಷ ಬೆಳಕವಾಡಿಯಲ್ಲಿ ಗೋಡೆ ಬರೆಯುವಾಗ ಏಣಿ ಜಾರಿ ಬಿದ್ದ. ಸೊಂಟ ಹೋಯಿತು. ಬಲಗೈ ಬೆರಳುಗಳು ಒಮ್ಮೊಮ್ಮೆ ತಾವಾಗಿಯೇ ನಡುಗತೊಡಗಿದವು. ಏಣಿ ಹತ್ತಲಾರದ ಪೇಂಟರನ್ನು ಯಾರು ಕರೆಯುತ್ತಾರೆ?

ಹೋಗಿ ನೋಡಿದೆ. ಹಲಗೆಯ ಮೇಲೆ ಹನ್ನೆರಡು ಪ್ಲಾಸ್ಟಿಕ್ ಸಿಪಾಯಿಗಳು, ಒಂದೊಂದೂ ನನ್ನ ಹೆಬ್ಬೆರಳಿನಷ್ಟು. ಮೈಸೂರಿನ ರಘುನಂದನ್ ಎನ್ನುವವರು ಬಣ್ಣ ಬಳಿಯಲು ಕೊಟ್ಟದ್ದಂತೆ. ಅವರೂ ಅವರ ಸ್ನೇಹಿತರೂ ಇವನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಹಾಕಿ ಯುದ್ಧ ಆಡುತ್ತಾರಂತೆ, ಮೀಸೆ ಬಂದ ಗಂಡಸರು! ಶನಿವಾರ ಬಂದು ನೋಡುತ್ತಾರೆ. ಹನ್ನೆರಡೂ ಒಪ್ಪಿಗೆಯಾದರೆ ಇವನಿಗೆ ಕೂತು ಮಾಡುವ ಕೆಲಸ ವರ್ಷವೆಲ್ಲ. ಇಲ್ಲವಾದರೆ ಬೇರೆಯವರಿಗೆ.

"ದೊಡ್ಡವ್ವ, ಇವುರ್ ಕಾಲ್ ಕೆಳ್ಗೆ ನೆಲ ಬೇಕು. ಒಸಿ ಮರಳು ಜರಡಿ ಆಡ್ಸ್ಕೊಡು," ಎಂದ.

ರವೆ ಜರಡಿಯಲ್ಲಿ ಸೋಸಿ, ಬಾಣಲೆಯಲ್ಲಿ ಹುರಿದು, ತೇವ ಕಳೆದು ಕೊಟ್ಟೆ. ಸಿಪಾಯಿ ನಿಂತ ಬಿಲ್ಲೆಗೆ ಗೋಂದು ಸವರಿ ಮರಳು ಉದುರಿಸಿದ. ತೆಂಗಿನ ನಾರು ಕತ್ತರಿಸಿ ಹುಲ್ಲಿನಂತೆ ನೆಟ್ಟ. ಅಂಗಿಯ ಮಡಿಕೆಗಳಿಗೆ ನೀರಾದ ಕಪ್ಪು ಬಣ್ಣ ಇಳಿಬಿಟ್ಟು, ಒಣಗಿದ ಮೇಲೆ ಉಬ್ಬಿದ ಕಡೆಯಷ್ಟೇ ಒಣ ಬ್ರಷ್ ಆಡಿಸಿದ. ನೋಡುತ್ತಿದ್ದ ಹಾಗೇ ಬಟ್ಟೆಗೆ ನೆರಳು ಬಂತು.

ಕಣ್ಣು ಮಾತ್ರ ಬರೆದಿರಲಿಲ್ಲ. ಕಣ್ಣು ಮೊದಲು ಬರೆಯಿರಿ, ತಪ್ಪಿದರೆ ಸುತ್ತ ಮುಖದ ಬಣ್ಣ ಹಚ್ಚಿ ತಿದ್ದಬಹುದು ಎಂದು ರಘುನಂದನ್ ಫೋನಿನಲ್ಲಿ ಎರಡು ಸಲ ಹೇಳಿದ್ದರು. ಇವನು ಕೇಳಲಿಲ್ಲ. ವಿಗ್ರಹಕ್ಕೆ ಕಣ್ಣು ಬಿಡಿಸುವುದು ಎಲ್ಲ ಮುಗಿದ ಮೇಲೆಯೇ. ಅವನ ಕೈ ಕಲಿತದ್ದು ಅದು.

"ಇವು ದೇವ್ರಲ್ಲ ಕಣ್ಲಾ," ಎಂದೆ.

"ದೇವ್ರಲ್ದೆ ಓದ್ರೆ ನಾಚ್ಕೆ ಇಲ್ವಾ? ಚಡ್ಡಿಗೆ ಬಣ್ಣ ಬಳಿಯೋವಾಗ ನನ್ನೇ ದುರುಗುಟ್ಕೊಂಡ್ ನೋಡ್ತಿದ್ರೆ ಎಂಗ್ ಬಳೀಲಿ?"

ಶನಿವಾರ ಹತ್ತು ಗಂಟೆಗೆ ಹನ್ನೊಂದು ಸಿಪಾಯಿಗಳು ಕಣ್ಣು ಬಿಟ್ಟಿದ್ದವು. ಉಳಿದವನು ದಳಪತಿ, ಟೋಪಿಯ ಮೇಲೆ ಕೆಂಪು ಗರಿಯವನು. ಬನ್ನೂರು ದಾಟಿದೆ ಎಂದು ರಘುನಂದನ್ ಫೋನು ಮಾಡಿದರು. ಮಹದೇವು ಉಸಿರು ಬಿಗಿಹಿಡಿದ. ಬಲಗಣ್ಣು ಸರಿಯಾಗಿ ಕೂತಿತು. ಎಡಗಣ್ಣಿಗೆ ಬ್ರಷ್ ತಾಗಿಸಿದ್ದೇ ಬೆರಳು ನಡುಗಿತು. ಕಪ್ಪು ಕೆನ್ನೆಗೆ ಇಳಿಯಿತು. ಗಾಬರಿಯಲ್ಲಿ ಒರೆಸಿದ. ಕಪ್ಪಿನ ಜೊತೆ ಕೆನ್ನೆಯ ಬಣ್ಣವೂ ಎದ್ದು ಬಂತು.

"ಓಯ್ತು, ದೊಡ್ಡವ್ವ."

"ಯುದ್ದುಕ್ ಓದೋನ್ಗೆ ಗಾಯ ಆಗಲ್ವೇನ್ಲಾ? ಪಟ್ಟಿ ಕಟ್ಬುಡು."

ಬಿಳಿ ಬಣ್ಣದಲ್ಲಿ ಓರೆಯಾಗಿ ಪಟ್ಟಿ ಎಳೆದ. ಕಣ್ಣೂ ಕೆನ್ನೆಯೂ ಮುಚ್ಚಿದವು. ಅದು ಒಣಗುವ ಮೊದಲೇ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು.

ರಘುನಂದನ್ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ದಳಪತಿಯ ಹತ್ತಿರ ನಿಂತರು.

"ಪಟ್ಟಿ ನಾನು ಹೇಳಿರಲಿಲ್ಲವಲ್ಲ?"

ಗಾಯ ಅಂತ ಹೇಳಲು ನಾನು ಬಾಯಿ ತೆರೆದಿದ್ದೆ. ಮಹದೇವು ಬಿಡಲಿಲ್ಲ.

"ಕೈ ನಡುಗ್ತು ಸಾರ್. ಕಣ್ಣು ಕೊನೇಲ್ ಬರ್ದೆ. ನಂದೇ ತಪ್ಪು."

ಅವರು ದಳಪತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಾಲ ಕೆಳಗಿನ ಮರಳನ್ನು ಉಗುರಿನಿಂದ ಮುಟ್ಟಿದರು. ಕೊನೆಗೆ ಚೀಲದಿಂದ ಒಂದು ಡಬ್ಬಿ ತೆಗೆದಿಟ್ಟರು.

"ನಲವತ್ತಿವೆ. ಕಣ್ಣು ಮೊದಲು. ಇನ್ನೊಂದು ಪಟ್ಟಿ ಕಂಡರೆ ನಾನು ಮತ್ತೆ ಬರೋದಿಲ್ಲ, ಮಹದೇವು."

ಅವರು ಹೋದ ಮೇಲೆ ಡಬ್ಬಿ ಬಿಚ್ಚಿದ. ನಲವತ್ತು ಬೋಳು ಮುಖಗಳು. ಬ್ರಷ್ ಹಿಡಿದ ಕೈಯ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ, ಅವನ ಹೆಂಡತಿ ಕಾಫಿ ಲೋಟವನ್ನೂ ದೂರವೇ ಇಟ್ಟು ಹೋಗುತ್ತಿದ್ದಳು. ಅಂಥವನು ಮಣೆಯನ್ನು ನನ್ನ ಕಡೆ ತಳ್ಳಿದ.

"ಕಣ್ಣು ಮೊದ್ಲೇ ಬುಡುಸ್ತೀನಿ ದೊಡ್ಡವ್ವ. ನೀನು ನನ್ ಮಣಿಕಟ್ಟು ಗಟ್ಯಾಗ್ ಇಡ್ಕೊಂಡು ಕೂತ್ಕೊತೀಯಾ?"