ಹೆಸರು ನಂಬಿ ಒರೆಸಿದ ಡಿಸ್ಕ್

ಎರಡು ವರ್ಷದ ಹಿಂದಿನ ಮಳೆಗಾಲ. ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಹಿರಿಯ ಪ್ರೋಗ್ರಾಮರ್. ಫೋಟೋ ಸ್ಟುಡಿಯೋಗಳ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆದವನು ನಾನೇ. ಅದರ ಸೊಕ್ಕೂ ನನಗಿತ್ತು ಅನ್ನಿ.

ಖಾನಾಪುರದ ಸ್ಟುಡಿಯೋ ಮಾಲೀಕ ಸುನೀಲನ ಫೋನ್ ಬಂತು. "ಸರ್, ಡಿಸ್ಕ್ ಖಾಲಿ ಆಗೇತ್ರಿ. ಮೊನ್ನಿ ತಗದ ಮದುವಿ ಫೋಟೋ ಒಂದೂ ಇಲ್ಲ."

ಏನನ್ನೂ ನೋಡದೆ ಅಂದುಬಿಟ್ಟೆ: "ನಮ್ಮ ಸಾಫ್ಟ್‌ವೇರ್ ಹಂಗ ಮಾಡಂಗಿಲ್ರಿ. ಯಾರೋ ವೈರ್ ಕಿತ್ತಿರಬೇಕು ನೋಡ್ರಿ."

ಕಿತ್ತಿದ್ದು ಖರೇನೇ. ಆ ಕಡೆ ಗುಡುಗು ಶುರುವಾಯಿತೆಂದರೆ ಟಿವಿ, ಫ್ರಿಜ್ ಎಲ್ಲದರ ವೈರ್ ಕಿತ್ತಿಡುವುದು ರೂಢಿ. ಸುನೀಲನ ತಾಯಿ ಕಮಲಾಬಾಯಿ ಕಂಪ್ಯೂಟರ್ ಆರಿಸಿ ಎರಡು ಡಿಸ್ಕ್‌ಗಳ ವೈರನ್ನೂ ಕಿತ್ತಿಟ್ಟಿದ್ದರು. ಮತ್ತೆ ಜೋಡಿಸುವಾಗ ಅವು ಅದಲುಬದಲಾಗಿದ್ದವು.

ಮರುದಿನ ಬಸ್ ಹತ್ತಿ ಖಾನಾಪುರಕ್ಕೆ ಹೋದೆ. ಸುನೀಲ ಮದುವೆಯವರನ್ನು ಸಮಾಧಾನ ಮಾಡಲು ಅವರ ಮನೆಗೆ ಹೋಗಿದ್ದ. ಅಂಗಡಿಯಲ್ಲಿದ್ದವರು ಕಮಲಾಬಾಯಿ ಒಬ್ಬರೇ. ಕುಳಿತು ನನ್ನ ಕೋಡ್ ತೆರೆದೆ.

ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಪ್ರತಿ ಡಿಸ್ಕಿಗೂ ಒಂದು ವಿಶೇಷ ಫೈಲ್ ಇರುತ್ತದೆ. ಅದರಲ್ಲಿ ಬರಹ ಇರುವುದಿಲ್ಲ. ಅದು ಡಿಸ್ಕಿಗೆ ಹೋಗುವ ಬಾಗಿಲು. ಅದರ ಹೆಸರು ಕಾಯಂ ಅಲ್ಲ. ವೈರ್ ಬದಲಾದರೆ ಅದೇ ಹೆಸರು ಇನ್ನೊಂದು ಡಿಸ್ಕಿಗೆ ಹೋಗಬಹುದು. ಅದಕ್ಕೇ ತೆರೆದ ಕೂಡಲೇ ಏನನ್ನೂ ಬರೆಯಬಾರದು. ತೆರೆದದ್ದು ನಿಜಕ್ಕೂ ಡಿಸ್ಕೇ ಎಂದು ಖಾತ್ರಿ ಮಾಡಿಕೊಂಡು, ಎಂದೂ ಬದಲಾಗದ ಅದರ ಸೀರಿಯಲ್ ನಂಬರ್ ತಾಳೆ ನೋಡಿದ ಮೇಲೆ ಮುಂದಿನ ಮಾತು. ನನ್ನ ಕೋಡ್ ಹೆಸರೊಂದನ್ನೇ ನಂಬಿತ್ತು. ವಾರಕ್ಕೊಮ್ಮೆ ಒರೆಸಿ ಖಾಲಿ ಮಾಡಬೇಕಿದ್ದ ತಾತ್ಕಾಲಿಕ ಡಿಸ್ಕನ್ನು ಬಿಟ್ಟು ಫೋಟೋ ಇದ್ದ ಡಿಸ್ಕನ್ನು ಒರೆಸಿತ್ತು. ನಂಬರ್ ನೋಡುವ ನಾಲ್ಕು ಸಾಲನ್ನು ಆಮೇಲೆ ಬರೆದರಾಯಿತು ಎಂದು ಬಿಟ್ಟವನು ನಾನು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು.

ಕಮಲಾಬಾಯಿ ಚಹಾ ತಂದಿಟ್ಟರು. "ತಪ್ಪು ನಂದೈತ್ರಿ ಸಾಹೇಬ್ರ. ವೈರ್ ಮುಟ್ಟಬಾರದಿತ್ತು ನಾ. ಹೆಂಗಾರ ಮಾಡಿ ಫೋಟೋ ತಗದು ಕೊಡ್ರಿ."

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಆಸೆ ಬಂದದ್ದೂ ಖರೇ. ಚಹಾದ ಕಪ್ಪನ್ನು ಪಕ್ಕಕ್ಕಿಟ್ಟೆ.

"ಇಲ್ರೀ ಅಕ್ಕಾರ, ತಪ್ಪು ನಂದು. ನೀವು ವೈರ್ ಕಿತ್ತಿದ್ರೂ ಫೋಟೋ ಹೋಗಬಾರದಿತ್ತು. ನಾ ಬರದದ್ದ ಸರಿ ಇಲ್ಲ."

ಕಮಲಾಬಾಯಿ ನನ್ನ ಫೋನಿನ ಕಡೆ ಕೈ ತೋರಿಸಿದರು. "ಹಂಗಾದ್ರ ನಮ್ಮ ಸುನೀಲಗ ಫೋನ್ ಹಚ್ಚಿ ಹೇಳ್ರಿ. ಫೋಟೋದ್ದು ಆಮ್ಯಾಲ ನೋಡೂಣು. ನೀವು ವೈರಿನ ಮಾತು ಹೇಳಿದಾಗಿಂದ ಅಂವ ನನ್ನ ಕೂಡ ಮಾತಾಡಿಲ್ಲ. ನಾ ಬಡಿಸಿದ್ದು ಉಣಲಿಲ್ಲ."

ಅವರ ಎದುರಿಗೇ ಫೋನ್ ಹಚ್ಚಿ ಎಲ್ಲವನ್ನೂ ಹೇಳಿದೆ. ಸುನೀಲ ನನ್ನನ್ನು ಬೈಯಲಿಲ್ಲ. "ಅವ್ವಗ ಕೊಡ್ರಿ," ಅಂದ. ಕೊಟ್ಟು ಹೊರಗೆ ಹೋಗಿ ನಿಂತೆ.

ಆಮೇಲೆ ಗುದ್ದಾಡಿ ಅರ್ಧದಷ್ಟು ಫೋಟೋ ತೆಗೆದುಕೊಟ್ಟೆ. ಅಕ್ಷತೆ ಬಿದ್ದ ಹೊತ್ತಿನವು ಸಿಗಲೇ ಇಲ್ಲ. ಬಿಟ್ಟಿದ್ದ ಸಾಲುಗಳನ್ನೂ ಬರೆದೆ. ಗಿರಾಕಿಯ ಫೋನ್ ಬಂದರೆ ಈಗ "ನೋಡಿ ಹೇಳ್ತೀನ್ರಿ" ಅಂತಷ್ಟೇ ಅನ್ನುತ್ತೇನೆ. ಇಷ್ಟನ್ನು ನಾನು ಕಲಿಯಲು ಒಬ್ಬ ತಾಯಿ ತನ್ನ ಮನೆಯಲ್ಲೇ ತಪ್ಪಿತಸ್ಥೆಯಾಗಿ ಒಂದು ರಾತ್ರಿ ಕಳೆಯಬೇಕಾಯಿತು. ಆ ನಾಚಿಕೆ ಇನ್ನೂ ಹೋಗಿಲ್ಲ.