ಗುರುವಾರದ ಕೈಗುಣ

ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಬೋಧನಾ ಆಸ್ಪತ್ರೆಯಿಂದ ಮೊಬೈಲಿಗೆ ಒಂದು ಸುದ್ದಿಹಾಳೆ ಬರುತ್ತಿತ್ತು. ಎಂಡಿ ಓದುತ್ತ ಅಲ್ಲೇ ದುಡಿಯುವ ನಮ್ಮಂಥ ರೆಸಿಡೆಂಟ್ ಡಾಕ್ಟರುಗಳಿಗಾಗಿಯೇ ಹೊರಡಿಸುವ ಹಾಳೆ. ಹಾಸ್ಟೆಲ್ಲಿಗೆ ಹೊಸ ವಾಷಿಂಗ್ ಮಷಿನ್ ಬಂದಿದೆ, ಕ್ಯಾಂಟೀನ್ ಇನ್ನು ಮುಂದೆ ಬೇಗ ತೆರೆಯುತ್ತದೆ, ಮನಸ್ಸಿಗೆ ಭಾರವೆನಿಸಿದರೆ ಮಾತಾಡಲು ಆಪ್ತಸಮಾಲೋಚಕರಿದ್ದಾರೆ, ಯೋಗ ತರಗತಿ ಉಚಿತ. ಯೋಗದ ಹೊತ್ತಿಗೆ ನಾವೆಲ್ಲ ವಾರ್ಡಿನಲ್ಲಿ ರೌಂಡ್ಸಿಗೆ ನಿಂತಿರುತ್ತಿದ್ದೆವು ಎಂಬುದು ಬೇರೆ ಮಾತು. ಗೆಳತಿಯರು ಅದನ್ನು ತೆರೆಯದೇ ಅಳಿಸುತ್ತಿದ್ದರು. ನಾನು ಮಾತ್ರ ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದೆ. ಎಲ್ಲದರಲ್ಲೂ ಮೂಗು ತೂರಿಸುವುದು ನನ್ನ ಚಾಳಿ. ಮದುವೆಮನೆಗೆ ಹೋದರೂ ಮಂಟಪದ ಹತ್ತಿರ ಕೂರದೆ ಅಡುಗೆಯವರ ಹಿಂದೆ ನಿಂತು ಸಾರಿಗೆ ಏನೇನು ಬೀಳುತ್ತದೆ ಎಂದು ನೋಡುವವಳು.

ಓದಿನ ನಡುವೆ ಮೂರು ತಿಂಗಳು ಹೊರಗಿನ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕೆಂಬ ನಿಯಮವಿದೆ. ನನ್ನನ್ನು ಕೊಪ್ಪಕ್ಕೆ ಹಾಕಿದರು. ನಾನು ತುಮಕೂರು ಕಡೆಯವಳು, ಮಲೆನಾಡಿನ ಮಾತು ಹೊಸದು. ಮೊದಲ ವಾರ ಯಾರು ಏನು ಹೇಳಿದರೂ ಒಂದು ಗಳಿಗೆ ತಡೆದು ಉತ್ತರಿಸುತ್ತಿದ್ದೆ. 'ಎಂತ ಡಾಕ್ಟ್ರೆ, ಹೊಸಬ್ರಾ?' ಎಂದು ಕೇಳಿದವರಿಗೆ ಹೌದೆನ್ನುವಷ್ಟರಲ್ಲಿ ಅವರು ನನ್ನ ಊರು, ಮನೆ, ಮದುವೆ ಎಲ್ಲ ಕೇಳಿ ಮುಗಿಸಿರುತ್ತಿದ್ದರು. ನನಗಿಂತ ಹೆಚ್ಚು ಕುತೂಹಲ ಇರುವ ಜನರನ್ನು ಕಂಡು ಖುಷಿಯೇ ಆಯಿತು.

ಆ ದಿನಗಳಲ್ಲೇ ಅತ್ತೆ ಸೊಸೆ ಬಂದರು. ಕಮ್ಮರಡಿ ಕಡೆಯ ಒಂದು ತೋಟದಲ್ಲಿ ಇಬ್ಬರಿಗೂ ಕೂಲಿ. ಸೊಸೆಗೆ ಇಪ್ಪತ್ತು ದಾಟಿರಬಹುದು. ಗುಡ್ಡ ಹತ್ತಿದರೆ ಏದುಸಿರು. ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೆ ಬಂದ ಜ್ವರ ಅವಳ ಹೃದಯದ ಕವಾಟಕ್ಕೆ ಪೆಟ್ಟು ಕೊಟ್ಟಿತ್ತು. ಆ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳಬೇಕು, ವರ್ಷಗಟ್ಟಲೆ. ಅವಳು ಅದನ್ನು ಮದುವೆಯಾದ ಮೇಲೆ ನಿಲ್ಲಿಸಿದ್ದಳು. ಎಲ್ಲೋ ಒಂದು ಕಡೆ ಹಾಕಿಸಿಕೊಂಡಾಗ ಕಾಲು ಊದಿ, ಒಂದು ವಾರ ಕೆಲಸಕ್ಕೆ ಹೋಗಲಾಗಲಿಲ್ಲವಂತೆ. ಬಿಟ್ಟರೆ ಕವಾಟ ಪೂರ್ತಿ ಕೆಡುತ್ತದೆ ಎಂದು ಹೆದರಿಸಿ, ಬೇಡಿ, ಕೊನೆಗೆ ಸ್ವಲ್ಪ ಗದರಿ ಒಪ್ಪಿಸಿದೆ.

ಆ ಮದ್ದು ಪುಡಿಯ ರೂಪದಲ್ಲಿ ಸಣ್ಣ ಬಾಟಲಿಯಲ್ಲಿರುತ್ತದೆ. ನೀರು ಸೇರಿಸಿದರೆ ಗಟ್ಟಿ ಮಜ್ಜಿಗೆಯ ಹಾಗೆ ಆಗುತ್ತದೆ. ತಣ್ಣಗಿದ್ದರೆ ನೋವು ಜಾಸ್ತಿ. ಹಾಗಾಗಿ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಇಟ್ಟು ಉರುಳಿಸುತ್ತ ಬೆಚ್ಚಗೆ ಮಾಡುವುದು ನನಗೆ ನನ್ನ ಸೀನಿಯರ್ ಕಲಿಸಿದ ರೂಢಿ. ಅವತ್ತು ಚಳಿ ಬೇರೆ. ಕೈ ಜೋಡಿಸಿ ಬಾಟಲಿ ಉರುಳಿಸುತ್ತ, ನಿದ್ದೆ ಸಾಲದೆ ಉರಿಯುತ್ತಿದ್ದ ಕಣ್ಣು ಮುಚ್ಚಿ, ಬೆರೆಸಿದ ನೀರಿನ ಅಳತೆಯನ್ನು ಬಾಯಲ್ಲೇ ಮತ್ತೊಮ್ಮೆ ಹೇಳಿಕೊಂಡೆ. ಆಮೇಲೆ ನಿಧಾನವಾಗಿ ಚುಚ್ಚಿದೆ. ಸೊಸೆ ಎದ್ದು ನಾಲ್ಕು ಹೆಜ್ಜೆ ನಡೆದು, ತನಗೇ ನಂಬಿಕೆ ಬಾರದವಳಂತೆ ಅತ್ತೆಯ ಮುಖ ನೋಡಿದಳು.

ಕಾಲು ಊದಲಿಲ್ಲ. ಮೂರು ವಾರ ಬಿಟ್ಟು ಬಂದಾಗ ಅತ್ತೆ ಒಳಗೆ ಕಾಲಿಡುತ್ತಲೇ ನಮ್ಮ ಸಿಸ್ಟರಿಗೆ ಹೇಳಿದರು: "ಆ ಜಪ ಮಾಡಿ ಸೂಜಿ ಹಾಕೋ ಡಾಕ್ಟ್ರಮ್ಮ ಇದಾರಲ್ದಾ?"

ಸಿಸ್ಟರ್ ಎನ್.ಆರ್. ಪುರದವರು, ಕ್ರಿಶ್ಚಿಯನ್ನರು, ನಗು ತಡೆಯಲು ಬಾರದವರು. ಔಷಧದ ಕಪಾಟಿನ ಹಿಂದೆ ಹೋಗಿ ನಕ್ಕು ಬಂದರು. ನಾನು ಅದು ಜಪವಲ್ಲ, ಮದ್ದು ಬೆಚ್ಚಗೆ ಮಾಡುವ ಕ್ರಮ, ಯಾರು ಮಾಡಿದರೂ ಇಷ್ಟೇ ಎಂದು ಬಿಡಿಸಿ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಸರಿ ಮಾರಾಯ್ರೆ. ಆದ್ರೂ ಕೈ ಯಾರ್ದು ಅಂತ ಇರ್ತದಲ. ನಿಮ್ದು ಕೈಗುಣ."

ಹೊಗಳಿದರೆ ಯಾರಿಗೆ ಬೇಡ? ಒಳಗೊಳಗೆ ಉಬ್ಬಿದೆ.

ಅದರ ಮುಂದಿನ ವಾರದ ಸುದ್ದಿಹಾಳೆಯಲ್ಲಿ ಯೋಗಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಒಂದು ಸುದ್ದಿ ಇತ್ತು. ರೆಸಿಡೆಂಟ್ ಡಾಕ್ಟರುಗಳಿಗೆ ವಾರಕ್ಕೊಂದು ದಿನ ರಜೆ ಕಡ್ಡಾಯ; ಹೊರ ಊರುಗಳಿಗೆ ಹೋದವರಿಗೂ ಅನ್ವಯ. ಎರಡು ಸಲ ಓದಿದೆ. ಕಾಯಿಲೆ ಬಿದ್ದಾಗ ಬಿಟ್ಟರೆ ರಜೆ ಎಂಬುದನ್ನು ಕಂಡು ಎಷ್ಟೋ ಕಾಲವಾಗಿತ್ತು. ಕೊಪ್ಪದ ಹಿರಿಯ ಡಾಕ್ಟರು ಉಳಿದವರ ರಜೆಗಳನ್ನೆಲ್ಲ ಲೆಕ್ಕ ಹಾಕಿ, "ನಿಮಗೆ ಗುರುವಾರ ಉಳಿದಿದೆ" ಎಂದರು. ಯಾವ ದಿನವಾದರೇನು, ನಾನು ತಲೆಯಾಡಿಸಿದೆ.

ರಜೆಯಲ್ಲಿ ಏನು ಮಾಡಬೇಕೆಂಬುದೇ ಮರೆತುಹೋಗಿತ್ತು. ಮೊದಲ ಗುರುವಾರ ಬಟ್ಟೆ ಒಗೆದು ಮಲಗಿದೆ. ಎರಡನೆಯದರಲ್ಲಿ ಎನ್.ಆರ್. ಪುರಕ್ಕೆ ಹೋಗಿ ಸಿಸ್ಟರ್ ಮನೆಯಲ್ಲಿ ಮೀನು ಊಟ ಮಾಡಿದೆ. ಇನ್ನೊಂದು ಗುರುವಾರ ಶೃಂಗೇರಿ ಬಸ್ಸು ಹತ್ತಿದೆ. ಯಾತ್ರಿಕರ ಗುಂಪಿನ ಜೊತೆ ತುಂಗೆಯ ಮೆಟ್ಟಿಲ ಮೇಲೆ ಕೂತು, ಮೀನುಗಳಿಗೆ ಮಂಡಕ್ಕಿ ಎಸೆದು, ಯಾವ ಮೀನು ಯಾವುದನ್ನು ತಳ್ಳಿ ತಿನ್ನುತ್ತದೆ ಎಂದು ನೋಡುತ್ತ ಮಧ್ಯಾಹ್ನ ಕಳೆದೆ. ಆಸ್ಪತ್ರೆ ನೆನಪಾಗಲೇ ಇಲ್ಲ. ಎಷ್ಟು ಹಿತವಾಗಿತ್ತು ಎಂದು ಈಗಲೂ ಹೇಳಬಲ್ಲೆ.

ಮರುದಿನ ಸಿಸ್ಟರ್ ಹೇಳಿದರು: "ನಿಮ್ಮ ಅತ್ತೆ ಸೊಸೆ ನಿನ್ನೆ ಬಂದಿದ್ರು. ನಾನೇ ಹಾಕ್ತೀನಿ ಅಂದೆ. ಬೇಡ, ಡಾಕ್ಟ್ರಮ್ಮ ಇರ್ಬೇಕಾದ್ರೆ ಬತ್ತೀವಿ ಅಂತ ಹೋದ್ರು."

ಆಗ ಹೊಳೆಯಿತು. ಮೂರು ವಾರಕ್ಕೊಮ್ಮೆ ಎಂದರೆ ಯಾವಾಗಲೂ ವಾರದ ಅದೇ ದಿನ. ಅವರ ತೋಟದಲ್ಲಿ ಕೂಲಿಯವರಿಗೆ ರಜೆ ಕೊಡುವುದು ಗುರುವಾರ. ನನಗೂ ಈಗ ಗುರುವಾರ. ನಾನು ರಜೆ ತೆಗೆದುಕೊಂಡ ದಿನವೇ ಅವಳು ತನ್ನ ರಜೆಯನ್ನು ಬಸ್ಸಿನಲ್ಲಿ ಕಳೆದು ಆಸ್ಪತ್ರೆಗೆ ಬಂದು, ಹಾಗೇ ವಾಪಸು ಹೋಗಿದ್ದಳು. ಫೋನ್ ಹಚ್ಚಿದರೆ ಸಿಗ್ನಲ್ಲಿಲ್ಲ. ಒಂದು ವಾರ ತಡವಾದರೆ ಪ್ರಾಣ ಹೋಗುವುದಿಲ್ಲ, ಗೊತ್ತು. ಆದರೆ ಹೀಗೆಯೇ ಶುರುವಾಗಿ ಅವಳು ಮತ್ತೆ ಬಿಟ್ಟೇಬಿಟ್ಟರೆ? ನಾನು ಆ ಊರಿನಲ್ಲಿ ಇರುವುದಾದರೂ ಎಷ್ಟು ದಿನ? ಹೊಗಳಿಕೆಗೆ ಉಬ್ಬಿದ್ದೆನಲ್ಲ, ಅದೇ ಈಗ ಅವಳ ಇಂಜೆಕ್ಷನ್ನಿಗೆ ಅಡ್ಡ ಬಂದಿತ್ತು.

ಮುಂದಿನ ಗುರುವಾರ ಹಿರಿಯ ಡಾಕ್ಟರನ್ನು ಕೇಳಿಕೊಂಡು, ಹಾಜರಿ ಹಾಕದೆ, ಚೂಡಿದಾರದಲ್ಲೇ ಹೋಗಿ ಕೂತೆ. "ರಜೆ ದಿನ ಕೆಲ್ಸ ಮಾಡಿದ್ರೆ ನಿಮ್ಮ ಕಾಲೇಜಿಗೆ ಬರೆದು ಹಾಕ್ತೀನಿ" ಎಂದು ಸಿಸ್ಟರ್ ರೇಗಿಸಿದರು. ಅವರಿಬ್ಬರೂ ಬಂದರು. ಇಂಜೆಕ್ಷನ್ ಆದ ಮೇಲೆ ಸೊಸೆಯನ್ನೇ ಕೇಳಿದೆ, ನೀನೂ ಈ ಕೈಗುಣ ನಂಬುತ್ತೀಯೇನಮ್ಮ ಎಂದು.

ಅವಳು ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು: "ನಂಗದೆಲ್ಲ ಗೊತ್ತಿಲ್ಲ. ಕಾಲು ಊದಿದ್ರೆ ಕೆಲ್ಸಕ್ಕೆ ಹೋಗಾಕಾಗಲ್ಲ, ಅದೊಂದೇ ಹೆದ್ರಿಕೆ. ಗುರುವಾರ ಒಂದಿನ ಮಲಗಾನ ಅಂದ್ರೆ ಇದೊಂದು ಬೇರೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅವಳ ವಾರದ ನಿದ್ದೆಯ ಸುದ್ದಿ ಯಾವ ಹಾಳೆಯಲ್ಲಿ ಬರಬೇಕು?

ಇನ್ನೊಂದೇ ಸಲ ನಾನು ಹಾಕುವುದು, ಆಮೇಲೆ ನನ್ನ ಕಾಲೇಜಿಗೆ ವಾಪಸು, ಪರೀಕ್ಷೆ ಇದೆ, ಮುಂದೆ ಸಿಸ್ಟರೇ ಹಾಕಬೇಕು ಎಂದು ಅತ್ತೆಗೆ ಹೇಳಿದೆ. ಅವರ ಮುಖ ಇಳಿದುಹೋಯಿತು. ಬಾಗಿಲ ತನಕ ಹೋಗಿ ತಿರುಗಿ, "ಯೋಚ್ನೆ ಮಾಡಾನ" ಎಂದರು. ಆ ಮಾತು ಕೇಳಿದರೆ ನನಗೆ ಹೆದರಿಕೆ. ಯೋಚನೆ ಮಾಡುತ್ತೇವೆ ಎಂದು ಹೋದ ರೋಗಿಗಳು ತಿರುಗಿ ಬರುವುದು ಕಡಿಮೆ.

ನಡುವಿನ ವಾರಗಳಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೈಗುಣದ ಬಗ್ಗೆ ಕೇಳಿದೆ. ಕೈಗುಣ ಹುಟ್ಟಿನಿಂದ ಬರುತ್ತದೋ, ಕಲಿತರೆ ಬರುತ್ತದೋ? ಹೋಟೆಲಿನವರು ಹುಟ್ಟಿನಿಂದ ಎಂದರು. ಅವರ ಅಣ್ಣ ಕಲಸಿದ ಹಿಟ್ಟಿಗೇ ದೋಸೆ ಗರಿಯಾಗುವುದಂತೆ. ಬಸ್ ಸ್ಟ್ಯಾಂಡಿನ ಬಟ್ಟೆ ಅಂಗಡಿಯ ಸಾಹೇಬರು, ಬೋಣಿಗೆ ಒಳ್ಳೆ ಕೈಯವರೇ ಬರಬೇಕೆಂದು ಒಬ್ಬ ಗಿರಾಕಿಗಾಗಿ ಬೆಳಿಗ್ಗೆ ಕಾಯುತ್ತಿದ್ದರು. ಒಬ್ಬರಿಂದ ಇನ್ನೊಬ್ಬರಿಗೆ ಕೊಡಬಹುದೇ ಎಂದರೆ ಯಾರಿಗೂ ಖಚಿತವಿರಲಿಲ್ಲ. ಸಿಸ್ಟರ್ ಮಾತ್ರ, "ನಮ್ಮಮ್ಮಚ್ಚಿ, ಅಂದ್ರೆ ಅಜ್ಜಿ, ಉಳುಕು ತಿಕ್ತಿದ್ರು. ಕೈಲಾಗದೇ ಇದ್ದಾಗ ನಮ್ಮಮ್ಮನ ಕೈಗೆ ಎಣ್ಣೆ ಹುಯ್ದು, ಇನ್ನು ನೀನು ತಿಕ್ಕು ಅಂದ್ರು. ಅವತ್ತಿಂದ ಜನ ಅಮ್ಮನ ಹತ್ರ ಬರಾಕೆ ಶುರು ಮಾಡಿದ್ರು" ಎಂದರು. ಹೇಳುವಾಗ ನಗಲಿಲ್ಲ.

ನನ್ನ ಕೊನೆಯ ಗುರುವಾರ ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದೆ. ಬ್ಯಾಗು ಕಟ್ಟಿ ತಂದಿದ್ದೆ. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಪ್ರತಿ ಬಸ್ಸಿನ ಸದ್ದಿಗೂ ಹೊರಗೆ ಇಣುಕುತ್ತಿದ್ದೆ. ಹತ್ತು ಗಂಟೆಯ ಬಸ್ಸಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸಿಸ್ಟರ್ ಎರಡು ಸಲ ಚಹಾ ತಂದುಕೊಟ್ಟರು. ಬಿಟ್ಟೇಬಿಟ್ಟರು ಎಂದು ನಾನು ಬ್ಯಾಗಿಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಅತ್ತೆ ಮುಂದೆ, ಸೊಸೆ ಹಿಂದೆ, ಏರು ಹತ್ತಿಕೊಂಡು ಬಂದರು.

ನಾನಿರುವಾಗಲೇ ರೂಢಿಯಾಗಲಿ, ಈ ಸಲವೇ ಸಿಸ್ಟರ್ ಹಾಕಲಿ, ನಾನು ಪಕ್ಕದಲ್ಲೇ ನಿಂತಿರುತ್ತೇನೆ ಎಂದೆ. ಸೊಸೆ ಅತ್ತೆಯನ್ನು ನೋಡಿದಳು.

"ಕೈಗುಣಾನ ಹಂಗೆ ಬರಿಗೈಲಿ ಕೊಡಾಂಗಿಲ್ಲ" ಎಂದರು ಅತ್ತೆ. ಸೊಂಟದ ಸಂಚಿ ಬಿಚ್ಚಿ ಎರಡು ವೀಳ್ಯದೆಲೆ, ಒಂದು ಹೋಳು ಅಡಿಕೆ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಮನಸಾರೆ ಕೊಡ್ಬೇಕು ಮತ್ತೆ. ಕೊಡ್ತ್ರಾ?"

ಎಂಡಿ ಓದುವವಳು ಇಂಥದ್ದನ್ನು ಮಾಡಬಹುದೇ ಎಂದು ಯಾರನ್ನು ಕೇಳುವುದು? ಸೊಸೆ ಮಂಚದ ಅಂಚಿನಲ್ಲಿ, ಒಂದು ಕಾಲು ನೆಲಕ್ಕೆ ಊರಿ, ಬೇಕಾದರೆ ಎದ್ದು ಹೊರಡುವಂತೆ ಕೂತಿದ್ದಳು. ಕೊಡುತ್ತೇನೆ ಎಂದೆ. ಸಿಸ್ಟರ್ ಎರಡೂ ಕೈ ಒಡ್ಡಿದರು. ನಾನು ಎಲೆ ಅಡಿಕೆ ಇಡಲು ಹೋದೆ.

"ತಡೀರಿ, ತಡೀರಿ." ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಪೂರ್ತಿ ಕೊಟ್ಟು ನೀವೆಂತ ಮಾಡ್ತೀರಿ? ಪರೀಕ್ಷೆ ಬೇರೆ ಐತಿ ಅಂದ್ರಿ. ಅಲ್ಲಿ ಜನಕ್ಕೆ ಬರಿಗೈಲಿ ಸೂಜಿ ಹಾಕಾದಾ? ಅರ್ಧ ಇಟ್ಕಳಿ."

ಒಂದು ಎಲೆಯನ್ನು ತೆಗೆದು ನನ್ನ ಬಲಗೈಯಲ್ಲೇ ಬಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು. ಇನ್ನೊಂದು ಎಲೆ, ಅಡಿಕೆ ಸಿಸ್ಟರ್ ಕೈಗೆ ಹೋಯಿತು. ಓದಲು ಸೇರಿದ ಮೇಲೆ ನನಗೆ ಮುಂದೆ ಏನು ಬೇಕಾದೀತು ಎಂದು ಹೀಗೆ ಯಾರೂ ಯೋಚಿಸಿರಲಿಲ್ಲ.

ಸಿಸ್ಟರ್ ಎಲೆಯನ್ನು ಜೇಬಿಗಿಟ್ಟು, ಕೈ ತೊಳೆದು, ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿದರು. ಕಣ್ಣನ್ನೂ ಮುಚ್ಚಿದರು. ತುಟಿ ಅಲುಗುತ್ತಿತ್ತು, ಅಳತೆಯೋ ಪ್ರಾರ್ಥನೆಯೋ ನಾನು ಇವತ್ತಿಗೂ ಕೇಳಿಲ್ಲ. ಚುಚ್ಚುವಾಗ ನನಗಿಂತ ನಿಧಾನ. ಸೊಸೆ ಎದ್ದಳು, ಕಾಲನ್ನು ಒಮ್ಮೆ ನೆಲಕ್ಕೆ ಒತ್ತಿ ನೋಡಿದಳು, ಬಾಗಿಲ ತನಕ ನಡೆದು ವಾಪಸು ಬಂದಳು. ಅತ್ತೆ ಅವಳ ಮುಖ ನೋಡಲಿಲ್ಲ, ಬರೀ ಕಾಲು ನೋಡುತ್ತಿದ್ದರು.

"ಸಿಸ್ಟರೆ, ಮುಂದಿನ ಸಲ ಗುರುವಾರ ಇರ್ತೀರಲ್ದಾ?" ಎಂದು ಸೊಸೆ ಕೇಳಿದಳು.

"ನಂದು ರಜೆ ಭಾನುವಾರ" ಎಂದರು ಸಿಸ್ಟರ್.

ಅತ್ತೆ ನನ್ನ ಕಡೆ ತಿರುಗಿದರು. "ಅರ್ಧವೇ ಸಾಕಾತು ನೋಡಿ. ಉಳಿದಿದ್ದು ಜೋಪಾನ."

ಬ್ಯಾಗು ಎಡ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಇಳಿದೆ. ಬಸ್ಸು ಹೊರಟು ಸುಮಾರು ದೂರ ಹೋದ ಮೇಲೆ ಕಂಡಕ್ಟರ್ ಟಿಕೆಟ್ ಚಾಚಿದ. ಬಲಗೈ ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು. ನಾನು ಎಡಗೈ ಒಡ್ಡಿದೆ. ಅವನು ಮುಖ ಸಿಂಡರಿಸಿದ. ಸಿಂಡರಿಸಲಿ ಎಂದು ಹಾಗೇ ಟಿಕೆಟ್ ತೆಗೆದುಕೊಂಡೆ.