ಘಾಟು ಬಾರದ ಮೆಣಸಿನಕಾಯಿ

‘ಮುಸ್ಲಿಂ ಮನೆಗಳಲ್ಲಿ ಸಾಯುವ ಯೋಚನೆ ಮಾಡುವವರು ಕಡಿಮೆ’ ಎಂದು ನಮ್ಮ ಕಡೆ ಅನೇಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಮೀಕ್ಷೆಯ ಕಾಗದದಲ್ಲಿ ಸೊನ್ನೆ ಇದೆಯೆಂದರೆ ಮನೆಯಲ್ಲಿ ನೋವಿಲ್ಲ ಎಂದಲ್ಲ, ಕೇಳಿದ ರೀತಿ ತಪ್ಪಿರಬಹುದು. ಇಷ್ಟನ್ನು ಯಾವ ಚರ್ಚಾಸ್ಪರ್ಧೆಯಲ್ಲಾದರೂ ಗೆದ್ದು ತೋರಿಸಬಲ್ಲೆ. ಮುಂದಿನದನ್ನು ಮಾತ್ರ ವಾದಿಸಲಾರೆ. ದೃಷ್ಟಿ, ಮಾಟ ಯಾವುದನ್ನೂ ನಂಬಿದವನಲ್ಲ ನಾನು.

ಮೂರು ವರ್ಷದ ಹಿಂದೆ ಆರೋಗ್ಯ ಸಮೀಕ್ಷೆಗೆಂದು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗಿದ್ದೆ. ಹುರ್ಮತಬಿ ಅಜ್ಜಿಯ ಅಂಗಳದಲ್ಲಿ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಎಲ್ಲರೆದುರೇ ಅಜ್ಜಿಯ ಮೊಮ್ಮಗಳು ಶಾಹೀನಳಿಗೆ, ಕಾಗದದಲ್ಲಿ ಕನ್ನಡದಲ್ಲಿ ಅಚ್ಚಾಗಿದ್ದ ಪ್ರಶ್ನೆಯನ್ನು ಹಾಗೇ ಓದಿದೆ: ‘ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ?’ ತಲೆ ಎತ್ತದೆ ‘ಇಲ್ರಿ’ ಎಂದಳು. ಸೊನ್ನೆ ಬರೆದೆ.

‘ಹುಡುಗಿ ಊಟ ಬಿಟ್ಟಾಳ. ಯಾರ ದೃಷ್ಟಿನೋ’ ಎನ್ನುತ್ತ ಅಜ್ಜಿ ಏಳು ಕಾಯಿ ಅವಳಿಗೆ ನಿವಾಳಿಸಿ ಅಂಗಳದ ಒಲೆಗೆ ಹಾಕಿದಳು. ಯಾರೂ ಕೆಮ್ಮಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕ.

ನಾನು ನಕ್ಕೆ. ‘ಬ್ಯಾಡಗಿ ಕಾಯಿ ಅಲ್ಲೇನ್ರಿ ಅಜ್ಜಿ? ಬಣ್ಣ ಭಾಳ, ಖಾರ ಕಡಿಮಿ. ಘಾಟು ಹೆಂಗ ಬರತೈತಿ?’

‘ಹೌದೇನೋ ಶಾಣ್ಯಾ? ಹಂಗಾರ ನೀನ ಒಗಿ.’

ಅದೇ ರಾಶಿಯಿಂದ ಏಳು ಕಾಯಿ ಎತ್ತಿ, ನಿವಾಳಿಸದೆ ಒಗೆದೆ. ಅಂಗಳವೆಲ್ಲ ಕೆಮ್ಮಿತು. ‘ನಿನ್ನ ಸರ್ವೆಕ್ಕ ಬೆಂಕಿ ಹಾಕ!’ ಎಂದು ಒಬ್ಬಾಕೆ ಬೈದಳು. ಘಾಟು ಇಳಿದ ಮೇಲೆ ಮತ್ತೆ ಏಳು ಎತ್ತಿ ನಾನೇ ಶಾಹೀನಳಿಗೆ ನಿವಾಳಿಸಿ ಹಾಕಿದೆ. ಕಾಯಿ ಸುಟ್ಟು ಕರಿಯಾದವು. ಒಂದು ಸೀನೂ ಇಲ್ಲ.

ಅಜ್ಜಿ ವಾದ ಮಾಡಲಿಲ್ಲ. ಎಲ್ಲರನ್ನೂ ಹೊರಗೇ ಬಿಟ್ಟು, ಹುಡುಗಿಯನ್ನು ಮನೆಯೊಳಗೆ ಕರೆದೊಯ್ದು ಹತ್ತಿರ ಕೂರಿಸಿಕೊಂಡಳು. ಬಾಗಿಲಾಚೆ ನಿಂತ ನನಗೆ ಕೇಳಿಸಿತು, ಅಷ್ಟಿಷ್ಟು ಉರ್ದು ನನಗೂ ತಿಳಿಯುತ್ತದೆ. ಬದುಕು ಸಾಕಾಗಿದೆಯೇ ಎಂದು ಉರ್ದುವಿನಲ್ಲಿ ಮೆಲ್ಲಗೆ ಕೇಳಿದಳು. ನನ್ನದೇ ಪ್ರಶ್ನೆ. ಶಾಹೀನ ಬಿಕ್ಕಿ ಬಿಕ್ಕಿ ಅತ್ತಳು. ಒಂದು ತಿಂಗಳಿಂದ ಅದೇ ಯೋಚನೆಯಂತೆ. ಆ ಸಂಜೆಗೇ ನಿಶ್ಚಯಿಸಿದ್ದಳಂತೆ.

ಸೊನ್ನೆ ಹೊಡೆದುಹಾಕಿ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಆ ರಾತ್ರಿ ಮನೆಯವರು ಶಾಹೀನಳನ್ನು ಒಬ್ಬಳನ್ನೇ ಬಿಡಲಿಲ್ಲ, ಮರುದಿನ ಹಾವೇರಿಯಲ್ಲಿ ಡಾಕ್ಟರಿಗೆ ತೋರಿಸಿದರು. ಈಗ ಕಾಲೇಜಿಗೆ ಹೋಗುತ್ತಾಳೆ.

ನನಗೇಕೆ ‘ಇಲ್ರಿ’ ಎಂದಳು ಎಂಬುದಕ್ಕೆ ಉತ್ತರವಿದೆ: ಮನೆಮಾತಲ್ಲದ ಭಾಷೆ, ಸುತ್ತ ಹತ್ತು ಕಿವಿ. ಮೆಣಸಿನಕಾಯಿಗೆ ಉತ್ತರವಿಲ್ಲ. ತೇವವಿತ್ತೇ? ಗಾಳಿ ತಿರುಗಿತೇ? ನಮ್ಮ ಮನೆಯಲ್ಲಿ ಎಷ್ಟೋ ಸಲ ಸುಟ್ಟು ನೋಡಿದೆ, ಪ್ರತಿ ಸಲ ಕೆಮ್ಮಿದೆ.

ಆದರೆ ನಿದ್ದೆ ಕೆಡಿಸುವುದು ಅದಲ್ಲ, ಇನ್ನೊಂದು ಪ್ರಶ್ನೆ. ಕಳೆದ ತಿಂಗಳು ಹೋದಾಗ ಹುರ್ಮತಬಿಯನ್ನು ಕೇಳಿಯೇಬಿಟ್ಟೆ:

‘ಅಜ್ಜಿ, ಅವತ್ತ ಘಾಟು ಬಂದಿದ್ರ, ನೀವು ಆಕೀನ್ನ ಕೇಳತಿದ್ದಿಲ್ಲೇನ್ರಿ?’